ಅರುವತ್ತು ಎಲೆಯ ಆಟಕ್ಕೆ ಸಣ್ಣ ಕಿಸೆಯೂ ಸಾಕು

ಮಕ್ಕಳ ಆಟಗಳಿಗೂ ಕಾಲಧರ್ಮವೆಂಬುದುಂಟು. ಗೋಲಿ, ಚಿನ್ನಿದಾಂಡು, ಚೆನ್ನೆಮಣೆಗಳು ಹಿಂದೆ ಸರಿದು, ಬಣ್ಣಬಣ್ಣದ ಚಿತ್ರಗಳುಳ್ಳ ಎಲೆಗಳ ಆಟವೊಂದು ಈಗ ನಮ್ಮ ಜಗಲಿಗಳಿಗೂ ಬಂದು ತಲಪಿದೆ. ಗಲ್ಫಿನಿಂದ ರಜೆಗೆ ಬಂದ ಮಾವ ಒಂದು ಪೆಟ್ಟಿಗೆ ತರುತ್ತಾರೆ. ಬೆಂಗಳೂರಿನಲ್ಲಿ ಓದುವ ಅಣ್ಣ ಇನ್ನೊಂದನ್ನು ತರುತ್ತಾನೆ. ಪೋಕೆಮಾನ್ ಎಂದೊಂದು ಹೆಸರು, ಮ್ಯಾಜಿಕ್ ಎಂದು ಮತ್ತೊಂದು. ಇದು ಇಸ್ಪೀಟೇ, ಜೂಜೇ, ಅಥವಾ ಚದುರಂಗದಂತೆ ಬುದ್ಧಿಯ ಆಟವೇ ಎಂದು ತಿಳಿಯದೆ ಹೆತ್ತವರು ಕಣ್ಣು ಬಿಡುತ್ತಾರೆ. ತಿಳಿಯುವ ಮೊದಲೇ ಕಿಸೆಗೆ ಕತ್ತರಿ ಬೀಳುತ್ತದೆ.

ಆಟದಲ್ಲಿ ಸೋತ ಮಗು ಹೇಳುವ ಮಾತು ಎಲ್ಲ ಕಡೆಯೂ ಒಂದೇ: “ಅವನ ಹತ್ತಿರ ದುಬಾರಿ ಎಲೆ ಉಂಟು, ನನ್ನ ಹತ್ತಿರ ಇಲ್ಲ.” ಈ ಮಾತು ಪೂರ್ತಿ ನಿಜವಾದರೆ ಈ ಆಟವನ್ನು ಮನೆಗೆ ಸೇರಿಸದಿರುವುದೇ ಲೇಸು. ಹಣವಿದ್ದವನೇ ಗೆಲ್ಲುವ ಆಟದಿಂದ ಮಗು ಕಲಿಯುವ ಪಾಠ ಒಳ್ಳೆಯದಲ್ಲ. ಆದರೆ ಮಾತು ಅರ್ಧ ಮಾತ್ರ ನಿಜ. ಉಳಿದರ್ಧದಲ್ಲಿ ಗಣಿತವುಂಟು, ತಾಳ್ಮೆಯುಂಟು, ಸ್ವಲ್ಪ ವ್ಯಾಪಾರದ ಜಾಣತನವೂ ಉಂಟು. ಕಡಿಮೆ ಖರ್ಚಿನಲ್ಲಿ, ಪಂದ್ಯದಲ್ಲಿ ನಿಲ್ಲಬಲ್ಲ ಕಟ್ಟೊಂದನ್ನು ಕಟ್ಟುವ ಬಗೆ ಹೇಗೆಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಇಸ್ಪೀಟಿಗೂ ಇದಕ್ಕೂ ಭೇದ

ಇಸ್ಪೀಟಿನಲ್ಲಿ ಕಟ್ಟು ಒಂದೇ. ಅದರ 52 ಎಲೆಗಳನ್ನು ಕಲಸಿ ಎಲ್ಲರಿಗೂ ಹಂಚುತ್ತಾರೆ. ಬಡವನಿಗೂ ಎಕ್ಕ ಬೀಳಬಹುದು, ಧನಿಕನಿಗೂ ದುರಿ ಬೀಳಬಹುದು. ಈ ಹೊಸ ಆಟದಲ್ಲಿ ಹಾಗಲ್ಲ. ಪ್ರತಿಯೊಬ್ಬ ಆಟಗಾರನೂ ತನ್ನದೇ ಕಟ್ಟನ್ನು ಮನೆಯಿಂದ ತರುತ್ತಾನೆ. ಸಾವಿರಾರು ಬಗೆಯ ಎಲೆಗಳಲ್ಲಿ ಯಾವುದನ್ನು ಆರಿಸಬೇಕು, ಯಾವುದು ಎಷ್ಟಿರಬೇಕು ಎಂಬ ತೀರ್ಮಾನ ಅವನದೇ. ಆದ್ದರಿಂದ ಆಟದ ಅರ್ಧ ಭಾಗ ಮೇಜಿಗೆ ಕುಳಿತುಕೊಳ್ಳುವ ಮೊದಲೇ ನಡೆದುಹೋಗಿರುತ್ತದೆ.

ಈ ಪದ್ಧತಿಯ ಮೂಲಪುರುಷ ಅಮೆರಿಕದ ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ಗಣಿತದ ಡಾಕ್ಟರೇಟ್ ಪಡೆದವರು, ಕಾಲೇಜು ಅಧ್ಯಾಪಕರಾಗಿದ್ದವರು. ಅವರು ರೂಪಿಸಿದ ‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಆಟವನ್ನು ವಿಝರ್ಡ್ಸ್ ಆಫ್ ದ ಕೋಸ್ಟ್ ಎಂಬ ಸಂಸ್ಥೆ 1993ರ ಆಗಸ್ಟಿನಲ್ಲಿ ಮಾರುಕಟ್ಟೆಗೆ ತಂದಿತು. ಸಂಸ್ಥೆಯ ಮುಖ್ಯಸ್ಥ ಪೀಟರ್ ಆಡ್ಕಿಸನ್ ಮೊದಲಿಗೆ ಕೇಳಿದ್ದು, ಜೇಬಿನಲ್ಲಿ ಒಯ್ಯಬಹುದಾದ, ಬಿಡುವಿನ ಹೊತ್ತಿನಲ್ಲಿ ಬೇಗನೆ ಆಡಿ ಮುಗಿಸಬಹುದಾದ, ಅಗ್ಗದ ಒಂದು ಆಟವನ್ನು. ಅಗ್ಗದ ಆಟ ಬೇಕೆಂದು ಹೊರಟಲ್ಲಿ ಹುಟ್ಟಿದ್ದು ಎಷ್ಟು ದುಬಾರಿಯಾಗಬಲ್ಲುದೆಂಬುದನ್ನು ಮುಂದೆ ನೋಡೋಣ. ಜಪಾನಿನಲ್ಲಿ ಪೋಕೆಮಾನ್ ಎಲೆಗಳು 1996ರಲ್ಲಿ ಹೊರಬಂದವು. ಅವುಗಳ ಇಂಗ್ಲಿಷ್ ಆವೃತ್ತಿ 1999ರಲ್ಲಿ ಬಂತು.

ಪ್ಯಾಕೆಟು ಎಂಬ ಲಾಟರಿ

ಎಲೆಗಳು ಮಾರಾಟವಾಗುವುದು ಮುಚ್ಚಿದ ಪ್ಯಾಕೆಟಿನಲ್ಲಿ. ಒಳಗೆ ಏನಿದೆಯೆಂದು ಹರಿದ ಮೇಲೆಯೇ ತಿಳಿಯುವುದು. ಮ್ಯಾಜಿಕ್ ಆಟದ ಆರಂಭದ ದಿನಗಳಲ್ಲಿ ಒಂದು ಪ್ಯಾಕೆಟಿನಲ್ಲಿ 15 ಎಲೆಗಳು: 11 ಸಾಮಾನ್ಯ, 3 ಅಸಾಮಾನ್ಯ, 1 ವಿರಳ. ಈಚೆಗೆ ಹಂಚಿಕೆಯ ಕ್ರಮ ಬದಲಾಗಿದ್ದರೂ ತತ್ವ ಅದೇ. ಸಾಮಾನ್ಯ ಎಲೆ ರಾಶಿ ರಾಶಿ. ವಿರಳ ಎಲೆ ಹುಡುಕಿದರೂ ಸಿಗದು.

1967ರಲ್ಲಿ ಕೇರಳ ಸರಕಾರ ಲಾಟರಿಯನ್ನು ಆರಂಭಿಸಿದಂದಿನಿಂದ ಲಾಟರಿಯ ಗುಣವೇನೆಂದು ನಮ್ಮ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮುಚ್ಚಿದ ಪ್ಯಾಕೆಟಿನ ಗುಣವೂ ಅದೇ. ಒಂದು ಲೆಕ್ಕ ಮಾಡಿ ನೋಡೋಣ. ಒಂದು ಮಾಲೆಯಲ್ಲಿ 60 ಬಗೆಯ ವಿರಳ ಎಲೆಗಳಿವೆಯೆಂದೂ, ಪ್ರತಿ ಪ್ಯಾಕೆಟಿನಲ್ಲಿ ಅಂಥದು ಒಂದಿದೆಯೆಂದೂ, ಎಲ್ಲಕ್ಕೂ ಸಮಾನ ಅವಕಾಶವೆಂದೂ ಭಾವಿಸೋಣ. ನಮ್ಮ ಮಗುವಿಗೆ ಬೇಕಾದುದು ಅವುಗಳಲ್ಲಿ ಒಂದೇ ಒಂದು. 60 ಪ್ಯಾಕೆಟು ಕೊಂಡರೆ ಅದು ಖಂಡಿತ ಸಿಗುವುದೇ? ಇಲ್ಲ. ಸಿಗುವ ಸಂಭವ 100ರಲ್ಲಿ 63 ಅಥವಾ 64 ಮಾತ್ರ. ನೂರು ಮಕ್ಕಳು ಹೀಗೆ ಅರುವತ್ತರುವತ್ತು ಪ್ಯಾಕೆಟು ಹರಿದರೆ, ಸುಮಾರು 36 ಮಕ್ಕಳು ಬರಿಗೈಯಲ್ಲಿ ಹಿಂತಿರುಗುತ್ತಾರೆ. ಪ್ಯಾಕೆಟಿಗೆ 300 ರೂಪಾಯಿ ಎಂದಿಟ್ಟುಕೊಂಡರೂ 18,000 ರೂಪಾಯಿ ಅಲ್ಲಿಗೆ ಮುಗಿಯಿತು. ಅದೇ ಎಲೆಯ ನಾಲ್ಕು ಪ್ರತಿ ಬೇಕಾದರೆ, ಸರಾಸರಿ 240 ಪ್ಯಾಕೆಟು ಬೇಕು.

ಆದಕಾರಣ ಮೊದಲನೆಯ ಸೂತ್ರ ಇದು: ಕಟ್ಟು ಕಟ್ಟುವವನು ಪ್ಯಾಕೆಟು ಕೊಳ್ಳಬಾರದು, ಬಿಡಿ ಎಲೆ ಕೊಳ್ಳಬೇಕು. ಬೇಕಾದ ಎಲೆಯ ಹೆಸರು ಬರೆದುಕೊಂಡು, ಬಿಡಿಯಾಗಿ ಮಾರುವ ಅಂಗಡಿಯಿಂದಲೋ, ಎರಡೆರಡು ಇರುವ ಗೆಳೆಯನಿಂದ ವಿನಿಮಯವಾಗಿಯೋ ಅದನ್ನೇ ಪಡೆಯಬೇಕು. ದಿನಸಿ ಅಂಗಡಿಗೆ ಚೀಟಿ ಹಿಡಿದು ಹೋಗುವ ಮನೆಯೊಡತಿಯ ಕ್ರಮವಿದು. ಪ್ಯಾಕೆಟು ಹರಿಯುವುದರಲ್ಲಿ ಸಂತೋಷವಿಲ್ಲವೆನ್ನಲಾರೆವು. ಹುಟ್ಟುಹಬ್ಬಕ್ಕೆ ಒಂದೆರಡು ಹರಿಯಲಿ. ಅದನ್ನು ಹಬ್ಬದ ಖರ್ಚಿಗೆ ಬರೆಯಬೇಕು, ಆಟದ ಖರ್ಚಿಗಲ್ಲ.

ಬೆಲೆ ಬೇರೆ, ಬಲ ಬೇರೆ

ಮ್ಯಾಜಿಕ್ ಆಟದ ಅತ್ಯಂತ ಪ್ರಸಿದ್ಧ ಎಲೆ ‘ಬ್ಲ್ಯಾಕ್ ಲೋಟಸ್’, ಅಂದರೆ ಕಪ್ಪು ಕಮಲ. 1993ರ ಮೊದಲ ಮುದ್ರಣದ ಇಂಥ ಒಂದು ಎಲೆ 2021ರ ಹರಾಜಿನಲ್ಲಿ 5 ಲಕ್ಷ 11 ಸಾವಿರದ 100 ಡಾಲರಿಗೆ ಹೋಯಿತು. ಪೋಕೆಮಾನಿನ ‘ಪಿಕಾಚು ಇಲಸ್ಟ್ರೇಟರ್’ ಎಂಬ ಎಲೆಯೊಂದನ್ನು ಅಮೆರಿಕದ ಲೋಗನ್ ಪಾಲ್ ಎಂಬಾತ 52 ಲಕ್ಷ 75 ಸಾವಿರ ಡಾಲರಿಗೆ ಕೊಂಡದ್ದು 2022ರಲ್ಲಿ ಸುದ್ದಿಯಾಯಿತು. ಇಂಥ ಸುದ್ದಿ ಕೇಳಿದ ಮಗು, ಬೆಲೆಯಿದ್ದ ಎಲೆಗೆ ಬಲವೂ ಇದೆಯೆಂದು ಭಾವಿಸುವುದು ಸಹಜ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಕಪ್ಪು ಕಮಲ ಬಲವಾದ ಎಲೆಯೇ ಸರಿ; ಅತಿಯಾಗಿ ಬಲವಾದುದು. ಆ ಕಾರಣಕ್ಕೇ ‘ವಿಂಟೇಜ್’ ಎಂಬ ಒಂದು ಪಂದ್ಯಮಾದರಿಯನ್ನು ಬಿಟ್ಟು ಸಂಸ್ಥೆಯ ಬೇರಾವ ಮುಖ್ಯ ಪಂದ್ಯದಲ್ಲಿಯೂ ಅದಕ್ಕೆ ಪ್ರವೇಶವಿಲ್ಲ. ವಿಂಟೇಜಿನಲ್ಲಿಯೂ ಕಟ್ಟಿಗೆ ಒಂದೇ ಒಂದು. ಐದು ಲಕ್ಷ ಡಾಲರಿನ ಎಲೆ ಹೆಚ್ಚಿನ ಪಂದ್ಯಗಳಲ್ಲಿ ಬಾಗಿಲ ಹೊರಗೆ ನಿಂತಿರಬೇಕಾದ ಸ್ಥಿತಿ. ಅದರ ಬೆಲೆಯಲ್ಲಿ ವಿರಳತೆಯ ಪಾಲು, ಸಂಗ್ರಾಹಕರ ಮೋಹದ ಪಾಲು ದೊಡ್ಡದು.

ಇದಕ್ಕೆ ವಿರುದ್ಧವಾದ ಉದಾಹರಣೆಯನ್ನೂ ನೋಡಿರಿ. 2014ರಲ್ಲಿ ‘ಟ್ರೆಷರ್ ಕ್ರೂಸ್’ ಎಂಬ ಎಲೆ ಬಂತು. ಮೂರು ಹೊಸ ಎಲೆಗಳನ್ನು ಎಳೆಯಲು ಬಿಡುವ ಎಲೆ. ಅದು ತೀರಾ ಸಾಮಾನ್ಯ ದರ್ಜೆಯದು, ಪ್ಯಾಕೆಟು ಹರಿದವರೆಲ್ಲರ ಮನೆಯಲ್ಲಿ ಬಿದ್ದಿರುವಂಥದು. ಕೆಲವೇ ತಿಂಗಳಲ್ಲಿ ಅದು ದೊಡ್ಡ ಪಂದ್ಯಗಳನ್ನು ಎಷ್ಟು ಆಳಿತೆಂದರೆ, 2015ರ ಜನವರಿಯಲ್ಲಿ ‘ಮಾಡರ್ನ್’, ‘ಲೆಗಸಿ’ ಎಂಬ ಎರಡು ಪಂದ್ಯಮಾದರಿಗಳಲ್ಲಿ ಅದನ್ನು ನಿಷೇಧಿಸಬೇಕಾಯಿತು. ಎಲೆಯ ದರ್ಜೆ ಎಂಬುದು ಅದು ಎಷ್ಟು ಅಚ್ಚಾಗಿದೆಯೆಂಬುದನ್ನು ಹೇಳುತ್ತದೆ. ಎಷ್ಟು ಕೆಲಸ ಮಾಡುತ್ತದೆಂಬುದನ್ನು ಆಡಿಯೇ ತಿಳಿಯಬೇಕು.

ನಾಲ್ಕರ ಕಟ್ಟಳೆ

ಸಣ್ಣ ಕಿಸೆಯವನನ್ನು ಕಾಯುವ ಕಟ್ಟಳೆಯೊಂದು ಈ ಎರಡೂ ಆಟಗಳಲ್ಲಿ ಉಂಟು. ಕಟ್ಟಿನಲ್ಲಿ 60 ಎಲೆ. ಮ್ಯಾಜಿಕ್‌ನಲ್ಲಿ ಅದು ಕನಿಷ್ಠ ಸಂಖ್ಯೆ, ಪೋಕೆಮಾನ್‌ನಲ್ಲಿ ಸರಿಯಾಗಿ ಅಷ್ಟೇ ಇರಬೇಕು. ಒಂದೇ ಹೆಸರಿನ ಎಲೆ ನಾಲ್ಕಕ್ಕಿಂತ ಹೆಚ್ಚು ಇರಕೂಡದು. ಮ್ಯಾಜಿಕ್‌ನ ಮೂಲ ‘ನೆಲ’ದ ಎಲೆಗಳಿಗೂ ಪೋಕೆಮಾನ್‌ನ ಮೂಲ ‘ಶಕ್ತಿ’ಯ ಎಲೆಗಳಿಗೂ ಈ ಮಿತಿಯಿಲ್ಲ, ಮತ್ತು ಅವು ಅತಿ ಅಗ್ಗ. ಹಣವಿದ್ದಾತ ಒಂದೇ ಬಲವಾದ ಎಲೆಯನ್ನು ಇಪ್ಪತ್ತು ಕೊಂಡು ತುಂಬಿಸುವಂತಿಲ್ಲ.

ಹಾಗಾದರೆ ನಾಲ್ಕು ಇಡಬೇಕೇ, ಒಂದು ಇಟ್ಟರೆ ಸಾಲದೇ? ಆಟದ ಆರಂಭದಲ್ಲಿ ಕೈಗೆ ಏಳು ಎಲೆ ಬರುತ್ತವೆ. ಕಟ್ಟಿನಲ್ಲಿ ಒಂದು ಎಲೆ ಒಂದೇ ಇದ್ದರೆ ಅದು ಮೊದಲ ಕೈಯಲ್ಲಿರುವ ಸಂಭವ 100ರಲ್ಲಿ ಸುಮಾರು 12. ಎರಡಿದ್ದರೆ 22. ಮೂರಿದ್ದರೆ 32. ನಾಲ್ಕಿದ್ದರೆ 40. ಹತ್ತನೆಯ ತರಗತಿಯ ಸಂಭವನೀಯತೆಯ ಪಾಠವನ್ನು ಸ್ವಲ್ಪ ಮುಂದಕ್ಕೆ ಒಯ್ದರೆ ಇದನ್ನು ಮಕ್ಕಳೇ ಲೆಕ್ಕ ಹಾಕಬಲ್ಲರು. ಒಂದೇ ಒಂದು ದುಬಾರಿ ಎಲೆಯನ್ನು ಕೊಂಡು ಕಟ್ಟಿಗೆ ಸೇರಿಸಿದ ಮಗು ಎಂಟು ಆಟಗಳಲ್ಲಿ ಒಮ್ಮೆ ಮಾತ್ರ ಅದನ್ನು ಮೊದಲ ಕೈಯಲ್ಲಿ ಕಾಣುತ್ತದೆ. ಅದೇ ಹಣಕ್ಕೆ ಮೂರು ಬಗೆಯ ಅಗ್ಗದ ಎಲೆಗಳನ್ನು ನಾಲ್ಕು ನಾಲ್ಕರಂತೆ ಕೊಂಡರೆ ಕಟ್ಟು ಪ್ರತಿ ಸಲವೂ ಒಂದೇ ರೀತಿ ನಡೆದುಕೊಳ್ಳುತ್ತದೆ. ಬಡವನ ಕಟ್ಟಿಗೆ ಬೇಕಾದ ಮೊದಲ ಗುಣ ಈ ಭರವಸೆಯೇ. ಒಮ್ಮೆ ಮಿಂಚಿ ನಾಲ್ಕು ಸಲ ಮುಗ್ಗರಿಸುವ ಕಟ್ಟು ಪಂದ್ಯಕ್ಕೆ ಒದಗದು.

ಬಡವರ ಪಂದ್ಯ

ಎರಡನೆಯ ಸೂತ್ರ: ಕಟ್ಟು ಕಟ್ಟುವ ಮೊದಲು ಕಣವನ್ನು ಆರಿಸಬೇಕು. ಮ್ಯಾಜಿಕ್‌ನಲ್ಲಿ ಬೇರೆ ಬೇರೆ ಪಂದ್ಯಮಾದರಿಗಳಿವೆ. ಕೆಲವಲ್ಲಿ ಹಣವೇ ಮುಂದೆ ನಡೆಯುತ್ತದೆಂಬುದನ್ನು ಮುಚ್ಚಿಡುವಂತಿಲ್ಲ. ಹೊಸ ಹೊಸ ವಿರಳ ಎಲೆಗಳೇ ಆಳುವ ಪಂದ್ಯದಲ್ಲಿ ಅಗ್ಗದ ಕಟ್ಟು ಒಂದೆರಡು ಸುತ್ತು ಗೆದ್ದೀತು, ಕೊನೆಯವರೆಗೆ ನಿಲ್ಲುವುದು ಕಷ್ಟ. ಆದರೆ ‘ಪಾಪರ್’ ಎಂಬ ಪಂದ್ಯಮಾದರಿ ಒಂದುಂಟು. ಪಾಪರ್ ಎಂದರೆ ಬಡವ. ಇದರಲ್ಲಿ ಎಂದಾದರೂ ‘ಸಾಮಾನ್ಯ’ ದರ್ಜೆಯಲ್ಲಿ ಅಚ್ಚಾದ ಎಲೆಗಳಿಗೆ ಮಾತ್ರ ಪ್ರವೇಶ. ಆಟಗಾರರು ತಾವೇ ಮಾಡಿಕೊಂಡಿದ್ದ ಈ ಏರ್ಪಾಡನ್ನು ಸಂಸ್ಥೆ 2008ರಲ್ಲಿ ತನ್ನ ಕಂಪ್ಯೂಟರ್ ಆವೃತ್ತಿಯಲ್ಲಿ ಅಂಗೀಕರಿಸಿತು. 2019ರಲ್ಲಿ ಕಾಗದದ ಎಲೆಗಳ ಆಟಕ್ಕೂ ಅಧಿಕೃತ ಮನ್ನಣೆ ಕೊಟ್ಟು, ಎರಡಕ್ಕೂ ಒಂದೇ ನಿಯಮ ಮಾಡಿತು.

ಪಾಪರ್‌ನ ಮತ್ತೊಂದು ಉಪಕಾರವೆಂದರೆ ಎಲೆಗಳಿಗೆ ಅವಧಿ ಮುಗಿಯುವುದಿಲ್ಲ. ‘ಸ್ಟ್ಯಾಂಡರ್ಡ್’ ಎಂಬ ಮಾದರಿಯಲ್ಲಿ ಹಳೆಯ ಮಾಲೆಗಳು ಕಾಲಕಾಲಕ್ಕೆ ಹೊರಬೀಳುತ್ತವೆ. ಇಂದು ಕೊಂಡ ಎಲೆ ಕೆಲವು ವರ್ಷಗಳಲ್ಲಿ ಪಂದ್ಯಕ್ಕೆ ಬಾರದು. ಪಾಪರ್‌ನಲ್ಲಿ ನಿಷೇಧಕ್ಕೆ ಒಳಗಾಗದ ಹೊರತು 1993ರ ಎಲೆ ಇಂದಿಗೂ ಸಲ್ಲುತ್ತದೆ. ಒಮ್ಮೆ ಕಟ್ಟಿದ ಕಟ್ಟು ತಂಗಿಯ ಕಾಲಕ್ಕೂ ಉಳಿಯುತ್ತದೆ.

ಇಪ್ಪತ್ತನ್ನು ಮೂರರಿಂದ ಭಾಗಿಸಿದರೆ

ಈಗ ಒಂದು ಕಟ್ಟನ್ನೇ ಕಟ್ಟೋಣ. ಮ್ಯಾಜಿಕ್‌ನಲ್ಲಿ ಇಬ್ಬರು ಎದುರಾಳಿಗಳು, ಪ್ರತಿಯೊಬ್ಬನಿಗೂ 20 ‘ಪ್ರಾಣ’. ಸರದಿಗೊಂದರಂತೆ ನೆಲದ ಎಲೆಯನ್ನು ಇಳಿಸಬಹುದು. ನೆಲದಿಂದ ‘ಮನಾ’ ಎಂಬ ಶಕ್ತಿ ಹುಟ್ಟುತ್ತದೆ. ಉಳಿದ ಎಲೆಗಳನ್ನು ಆಡಲು ಆ ಶಕ್ತಿಯನ್ನು ತೆರಬೇಕು.

1993ರ ಮೊದಲ ಮುದ್ರಣದಲ್ಲಿಯೇ ‘ಲೈಟ್ನಿಂಗ್ ಬೋಲ್ಟ್’ ಎಂಬ ಎಲೆಯುಂಟು. ಸಿಡಿಲು. ಸಾಮಾನ್ಯ ದರ್ಜೆ. ಒಂದೇ ಮನಾ ಕೊಟ್ಟರೆ ಎದುರಾಳಿಯ ಮೂರು ಪ್ರಾಣ ಕಳೆಯುತ್ತದೆ. ಇದೇ ಜಾತಿಯವು ಚೈನ್ ಲೈಟ್ನಿಂಗ್, ಲಾವಾ ಸ್ಪೈಕ್, ರಿಫ್ಟ್ ಬೋಲ್ಟ್, ಸ್ಕ್ಯೂವರ್ ದ ಕ್ರಿಟಿಕ್ಸ್. ಒಂದೊಂದಕ್ಕೆ ಸಣ್ಣಪುಟ್ಟ ಷರತ್ತುಗಳಿದ್ದರೂ ಎಲ್ಲವನ್ನೂ ಒಂದು ಮನಾಕ್ಕೆ ಆಡಬಹುದು, ಎಲ್ಲವೂ ಮೂರು ಪ್ರಾಣ ಕಳೆಯತಕ್ಕವು, ಎಲ್ಲವೂ ಸಾಮಾನ್ಯ ದರ್ಜೆಯವು. ಐದು ಬಗೆ, ನಾಲ್ಕು ನಾಲ್ಕರಂತೆ 20 ಎಲೆಗಳಾದವು.

ಇನ್ನು ಲೆಕ್ಕ. ಏಳು ಮೂರಲ ಇಪ್ಪತ್ತೊಂದು. ಅಂದರೆ ಇಂಥ ಏಳು ಎಲೆ ತಗಲಿದರೆ ಎದುರಾಳಿಯ 20 ಪ್ರಾಣ ಮುಗಿಯಿತು. ಮೊದಲು ಆಡುವವನಿಗೆ ಮೊದಲ ಸರದಿಯಲ್ಲಿ ಎಲೆ ಎಳೆಯಲಿಕ್ಕಿಲ್ಲ. ಆದ್ದರಿಂದ ನಾಲ್ಕನೆಯ ಸರದಿಯ ಹೊತ್ತಿಗೆ ಅವನು ಕಂಡಿರುವುದು ಏಳು ಮತ್ತು ಮೂರು, ಒಟ್ಟು ಹತ್ತು ಎಲೆ. ಅವುಗಳಲ್ಲಿ ಮೂರು ನೆಲ, ಏಳು ಸಿಡಿಲು ಎಂದಾದರೆ, ಮೊದಲ ಸರದಿಯಲ್ಲಿ ಒಂದು ಮನಾ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ಮೂರು, ನಾಲ್ಕನೆಯದರಲ್ಲಿ ಮೂರು, ಒಟ್ಟು ಒಂಬತ್ತು. ಏಳು ಸಿಡಿಲಿಗೆ ಧಾರಾಳವಾಯಿತು. ನಾಲ್ಕನೆಯ ಸರದಿಗೆ ಆಟ ಮುಗಿಯಬಹುದು.

ಹತ್ತಕ್ಕೆ ಮೂರು ನೆಲವಾದರೆ ಅರುವತ್ತಕ್ಕೆ ಎಷ್ಟು? ಹದಿನೆಂಟು. ಕಟ್ಟಿನಲ್ಲಿ ಎಷ್ಟು ನೆಲವಿರಬೇಕೆಂಬುದು ಹೀಗೆ ತ್ರೈರಾಶಿಯಿಂದಲೇ ಹೊರಬಿತ್ತು. 18 ನೆಲವಿಟ್ಟರೆ ಮೊದಲ ಹತ್ತು ಎಲೆಗಳಲ್ಲಿ ಸರಿಯಾಗಿ ಮೂರು ನೆಲ ಬರುವುದು 100ರಲ್ಲಿ ಸುಮಾರು 29 ಸಲ. ಎರಡರಿಂದ ನಾಲ್ಕರೊಳಗೆ ಬರುವುದು 74 ಸಲ. ಉಳಿದ ಕಾಲು ಭಾಗ ಅದೃಷ್ಟಕ್ಕೆ ಬಿಟ್ಟದ್ದು. ಆ ಭಾಗವನ್ನು ಎಷ್ಟು ಹಣ ಸುರಿದರೂ ಪೂರ್ತಿ ಇಲ್ಲವಾಗಿಸಲಾಗದು.

ಇಪ್ಪತ್ತು ಸಿಡಿಲು, ಹದಿನೆಂಟು ನೆಲ. ಇನ್ನು ಉಳಿದದ್ದು 22 ಸ್ಥಾನ. 1997ರ ‘ಫೈರ್‌ಬ್ಲಾಸ್ಟ್’ ಎಂಬ ಎಲೆ ನಾಲ್ಕಿರಲಿ. ಮನಾ ಇಲ್ಲದಿದ್ದರೂ ಎರಡು ನೆಲಗಳನ್ನು ತ್ಯಾಗಮಾಡಿ ನಾಲ್ಕು ಪ್ರಾಣ ಕಳೆಯುವ ಎಲೆಯದು. ಕೊನೆಯ ಪೆಟ್ಟಿಗೆ ಒಳ್ಳೆಯದು. ಇನ್ನುಳಿದ 18 ಸ್ಥಾನಗಳಿಗೆ ಥರ್ಮೋ-ಆಲ್ಕೆಮಿಸ್ಟ್‌ನಂಥ, ಸರದಿ ಸರದಿಗೂ ಸ್ವಲ್ಪ ಸ್ವಲ್ಪ ಪೆಟ್ಟು ಕೊಡುವ ಅಗ್ಗದ ಜೀವಿಗಳನ್ನೂ, ಎದುರಾಳಿಯ ಜೀವಿಗಳನ್ನು ಸುಡುವ ಎಲೆಗಳನ್ನೂ ತುಂಬಿಸಬಹುದು. ಎಲ್ಲವೂ ಒಂದೇ ಬಣ್ಣ, ಕೆಂಪು. ಎರಡು ಮೂರು ಬಣ್ಣ ಬೆರಸಿದರೆ ಎರಡೆರಡು ಬಗೆಯ ಮನಾ ಕೊಡುವ ವಿಶೇಷ ನೆಲಗಳು ಬೇಕು. ಬೇರೆ ಪಂದ್ಯಗಳಲ್ಲಿ ಅನೇಕ ಸಲ ಕಟ್ಟಿನ ಬೆಲೆಯನ್ನು ಏರಿಸುವುದು ಅವೇ. ಒಂದೇ ಬಣ್ಣ ಹಿಡಿದವನಿಗೆ ಸಾದಾ ನೆಲ ಸಾಕು.

ಈ ಕಟ್ಟು ಅಜೇಯವೆಂದು ನಾವು ಹೇಳುತ್ತಿಲ್ಲ. ಎದುರಾಳಿ ತನ್ನ ಪ್ರಾಣವನ್ನು ಏರಿಸಿಕೊಂಡರೆ, ಸಿಡಿಲನ್ನು ತಡೆಯುವ ನೀಲಿ ಎಲೆಗಳನ್ನು ಹಿಡಿದಿದ್ದರೆ, ಏಳು ಸಿಡಿಲು ಸಾಲದು. ಅದಕ್ಕೆಂದೇ ಪಕ್ಕದಲ್ಲಿ 15 ಮೀಸಲು ಎಲೆಗಳನ್ನು ಇಟ್ಟುಕೊಳ್ಳಲು ಅವಕಾಶವುಂಟು. ಮೂರು ಆಟಗಳ ಪಂದ್ಯದಲ್ಲಿ ಮೊದಲ ಆಟದ ನಂತರ ಎದುರಾಳಿಯ ಬಗೆ ನೋಡಿ ಎಲೆ ಬದಲಾಯಿಸಬಹುದು. ನೀಲಿ ಎಲೆಗಳ ವಿರುದ್ಧ ‘ಪೈರೋಬ್ಲಾಸ್ಟ್’, ಯಂತ್ರಗಳ ವಿರುದ್ಧ ‘ಸ್ಮ್ಯಾಷ್ ಟು ಸ್ಮಿದರೀನ್ಸ್’ ಮುಂತಾದವು ಕೆಂಪು ಕಟ್ಟಿನವರ ಆಯುಧಗಳು. ಇವೂ ಸಾಮಾನ್ಯ ದರ್ಜೆಯವೇ. ಹಣ ಕಡಿಮೆಯಿದ್ದವನು ಮೀಸಲನ್ನು ಕೊನೆಗೆ, ತನ್ನ ಊರಿನಲ್ಲಿ ಯಾರು ಏನು ಆಡುತ್ತಾರೆಂದು ನೋಡಿಕೊಂಡು ಕೊಳ್ಳುವುದು ಮೇಲು.

ಅಟ್ಲಾಂಟಾದ ಒಂದು ಕಥೆ

ಇದು ಬರಿಯ ಕಾಗದದ ಲೆಕ್ಕವೆಂದು ಯಾರೂ ತಳ್ಳಿಹಾಕಬಾರದು. 1996ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ನಡೆದ ಅರ್ಹತಾ ಪಂದ್ಯವೊಂದರಲ್ಲಿ ಪಾಲ್ ಸ್ಲೈ ಎಂಬ ಆಟಗಾರ ಕೆಂಪು ಬಣ್ಣದ ಕಟ್ಟೊಂದನ್ನು ಹಿಡಿದು ಬಂದ. ಕಟ್ಟಿನ ಹಿಂದಿನ ವಿಚಾರ ಜೇ ಶ್ನೈಡರ್ ಎಂಬವರದು. ಅದರಲ್ಲಿದ್ದ ಜೀವಿಗಳಲ್ಲಿ ಅನೇಕ, ಬೇರೆಯವರು ಕಸವೆಂದು ಪೆಟ್ಟಿಗೆಯ ತಳಕ್ಕೆ ಹಾಕುವಂಥವು: ಇಂಥ ಎಲೆಗಳನ್ನೂ ಆಡುವುದುಂಟೇ ಎಂದು ನಗಬಹುದಾದ ಸಣ್ಣ ಸಣ್ಣ ಗಾಬ್ಲಿನ್‌ಗಳು, ಓರ್ಕ್‌ಗಳು. ಆದರೆ ಅವುಗಳ ಜೋಡಣೆಯಲ್ಲಿ ಒಂದು ಕ್ರಮವಿತ್ತು. ಮೊದಲ ಸರದಿಗೆ ಒಂದು ಮನಾದ ಎಲೆ, ಎರಡನೆಯದಕ್ಕೆ ಎರಡು ಮನಾದ್ದು, ಹೀಗೆ ಪ್ರತಿ ಸರದಿಯಲ್ಲಿಯೂ ಹುಟ್ಟಿದ ಶಕ್ತಿ ಸ್ವಲ್ಪವೂ ಪೋಲಾಗದಂತೆ ಎಲೆಗಳ ಸಂಖ್ಯೆಯನ್ನು ಹೊಂದಿಸಲಾಗಿತ್ತು. ದೊಡ್ಡ ಎಲೆಗಳನ್ನು ಹಿಡಿದವರು ಶಕ್ತಿ ಕೂಡುವುದನ್ನು ಕಾಯುತ್ತ ಕುಳಿತಾಗ ಸಣ್ಣ ಎಲೆಗಳು ಕೆಲಸ ಮುಗಿಸಿದವು. ಕಟ್ಟು ಎರಡನೆಯ ಸ್ಥಾನ ಗಳಿಸಿತು. ಅಂದಿನಿಂದ ಆ ಬಗೆಯ ಕಟ್ಟಿಗೆ ಸ್ಲೈ ಎಂದೇ ಹೆಸರಾಗಿ, ಶಕ್ತಿಯ ಏರುಪಟ್ಟಿಯನ್ನು ಗಮನಿಸಿ ಕಟ್ಟು ಕಟ್ಟುವುದು ಎಲ್ಲರಿಗೂ ಪಾಠವಾಯಿತು.

ನಮ್ಮವರಿಗೆ ಇದನ್ನು ತಿಳಿಯಲು ಅಟ್ಲಾಂಟಾಕ್ಕೆ ಹೋಗಬೇಕಾಗಿಲ್ಲ. ಮೇಳದಲ್ಲಿ ಹತ್ತು ಮಂದಿ ರಾಜವೇಷದವರಿದ್ದು ಚೆಂಡೆ ಮದ್ದಳೆಗೆ ಜನವಿಲ್ಲದಿದ್ದರೆ ಆಟ ಕಳೆಯೇರುವುದೆಂತು? ಕಟ್ಟಿನಲ್ಲಿ ನೆಲದ ಎಲೆ, ಎಲೆ ಎಳೆಯುವ ಎಲೆ, ತಡೆಯುವ ಎಲೆ ಇವೇ ಹಿಮ್ಮೇಳ. ಮಕ್ಕಳು ರಾಜವೇಷಗಳನ್ನೇ ತುಂಬಿಸುತ್ತಾರೆ, ಸೋಲುತ್ತಾರೆ.

ಪೋಕೆಮಾನ್ ಆಡುವವರಿಗೆ

ಪೋಕೆಮಾನ್‌ನಲ್ಲಿ ಉಳಿತಾಯದ ದಾರಿ ಇನ್ನೂ ಸುಲಭ. ಅಲ್ಲಿ ಒಂದೇ ಎಲೆ ಹಲವು ವೇಷಗಳಲ್ಲಿ ಬರುತ್ತದೆ. ಸಾದಾ ಚಿತ್ರದ್ದೊಂದು, ಹೊಳಪಿನದ್ದೊಂದು, ಇಡೀ ಎಲೆಗೆ ಚಿತ್ರ ಹರಡಿದ್ದು ಮತ್ತೊಂದು. ಬೆಲೆಯಲ್ಲಿ ಅಜಗಜಾಂತರ, ಆಟದಲ್ಲಿ ಮಾಡುವ ಕೆಲಸ ಮಾತ್ರ ಅಕ್ಷರಶಃ ಒಂದೇ. ಆಡುವವನು ಸಾದಾ ಎಲೆಯನ್ನೇ ಕೊಳ್ಳತಕ್ಕದ್ದು. ನಮ್ಮ ಮಳೆಗಾಲದ ತೇವಕ್ಕೆ ಹೊಳಪಿನ ಎಲೆಗಳು ಬೇಗನೆ ಬಾಗುತ್ತವೆ ಎಂಬುದು ಇನ್ನೊಂದು ಕಾರಣ. ಬಾಗಿದ ಎಲೆಯನ್ನು ಹಿಂಬದಿಯಿಂದಲೇ ಗುರುತಿಸಬಹುದಾದ್ದರಿಂದ ಪಂದ್ಯದಲ್ಲಿ ತಕರಾರಾಗುತ್ತದೆ.

ಎಲ್ಲ ಎಲೆಗಳನ್ನೂ ಬಿಡಿಯಾಗಿ ಹುಡುಕಲಾರದವರಿಗೆ ‘ಲೀಗ್ ಬ್ಯಾಟಲ್ ಡೆಕ್’ ಎಂಬ ಹೆಸರಿನಲ್ಲಿ 60 ಎಲೆಗಳ ಸಿದ್ಧ ಕಟ್ಟುಗಳು ದೊರೆಯುತ್ತವೆ. ಪಂದ್ಯಗಳಲ್ಲಿ ನಿಜವಾಗಿ ಬಳಕೆಯಾಗುವ ಎಲೆಗಳು ಅದರಲ್ಲಿರುವುದರಿಂದ ಆರಂಭಕ್ಕೆ ಅದು ಒಳ್ಳೆಯ ಅಡಿಪಾಯ. ಆದರೆ ‘ವಿಶ್ವ ಚಾಂಪಿಯನ್‌ಷಿಪ್ ಡೆಕ್’ ಎಂದು ಮಾರುವ ಕಟ್ಟು ಬೇರೆ. ಗೆದ್ದವರ ಕಟ್ಟಿನ ಪ್ರತಿರೂಪ ಅದು; ಎಲೆಗಳ ಹಿಂಬದಿಯೇ ಬೇರೆ; ಅಧಿಕೃತ ಪಂದ್ಯದಲ್ಲಿ ಸಲ್ಲದು. ಮನೆಯ ಅಭ್ಯಾಸಕ್ಕೆ ಅಡ್ಡಿಯಿಲ್ಲ. ಸ್ಟ್ಯಾಂಡರ್ಡ್ ಪಂದ್ಯಕ್ಕೆ ಎಲೆ ಕೊಳ್ಳುವವರು ಅದರ ಕೆಳ ಅಂಚಿನಲ್ಲಿರುವ ಸಣ್ಣ ಇಂಗ್ಲಿಷ್ ಅಕ್ಷರವನ್ನು ನೋಡಬೇಕು. ಹಳೆಯ ಅಕ್ಷರದವು ಕ್ರಮವಾಗಿ ಪಂದ್ಯದಿಂದ ಹೊರಹೋಗುತ್ತವೆ. ಹೊರಹೋಗಲಿರುವ ಎಲೆಗೆ ಹಣ ಹಾಕುವುದು ಮುಗಿಯಲಿರುವ ಜಾತ್ರೆಗೆ ಅಂಗಡಿ ಹಾಕಿದಂತೆ.

ಇಲ್ಲಿಯೂ ಲೆಕ್ಕವುಂಟು. ಆಟ ತೊಡಗಲು ಮೊದಲ ಏಳು ಎಲೆಗಳಲ್ಲಿ ಒಂದಾದರೂ ‘ಮೂಲ ಪೋಕೆಮಾನ್’ ಇರಲೇಬೇಕು. ಇಲ್ಲದಿದ್ದರೆ ಕೈ ತೋರಿಸಿ ಪುನಃ ಕಲಸಬೇಕು. ಎದುರಾಳಿಗೆ ಒಂದು ಎಲೆ ಹೆಚ್ಚು ಎಳೆಯುವ ಹಕ್ಕು. ಕಟ್ಟಿನಲ್ಲಿ ಮೂಲ ಪೋಕೆಮಾನ್ ಎಂಟೇ ಇದ್ದರೆ ಬರಿಗೈ ಬರುವುದು 100ರಲ್ಲಿ 35 ಸಲ. ಹನ್ನೆರಡು ಇದ್ದರೆ 19 ಸಲ. ನಾಲ್ಕು ಅಗ್ಗದ ಎಲೆಗಳು ಇಷ್ಟು ವ್ಯತ್ಯಾಸ ಮಾಡುತ್ತವೆ.

ಕೊಳ್ಳುವ ಮೊದಲು ಬರೆಯಿರಿ

ಮೂರನೆಯ ಸೂತ್ರಕ್ಕೆ ಖರ್ಚೇ ಇಲ್ಲ. ಮನಸ್ಸಿನಲ್ಲಿರುವ ಕಟ್ಟಿನ 60 ಹೆಸರುಗಳನ್ನು ಕಾಗದದ ಚೀಟಿಗಳಲ್ಲಿ ಬರೆದು, ಯಾವುದಾದರೂ ಹಳೆಯ ಎಲೆಗಳ ಮೇಲೆ ಇಟ್ಟು, ಪ್ಲಾಸ್ಟಿಕ್ ಕವಚದಲ್ಲಿ ತೂರಿಸಿ ಆಡಿರಿ. ಇಪ್ಪತ್ತು ಆಟ ಆಡಿ ನೋಟುಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿರಿ: ನೆಲ ಸಿಗದೆ ಸೋತದ್ದೆಷ್ಟು, ನೆಲ ಹೆಚ್ಚಾಗಿ ಸೋತದ್ದೆಷ್ಟು, ಯಾವ ಎಲೆ ಕೈಯಲ್ಲೇ ಕೊಳೆಯಿತು. ಕಾಗದದ ಚೀಟಿ ಅಧಿಕೃತ ಪಂದ್ಯದಲ್ಲಿ ಸಲ್ಲುವುದಿಲ್ಲ, ಮನೆಯಲ್ಲಿ ಸಲ್ಲುತ್ತದೆ. ಇಪ್ಪತ್ತು ಆಟಗಳ ಪರೀಕ್ಷೆಯಲ್ಲಿ ಉಳಿದ ಎಲೆಗೆ ಮಾತ್ರ ಹಣ. ಪೋಕೆಮಾನ್ ಕಲಿಯುವವರಿಗೆ 2023ರಲ್ಲಿ ಬಂದ ‘ಪೋಕೆಮಾನ್ ಟಿಸಿಜಿ ಲೈವ್’ ಎಂಬ ಉಚಿತ ಆವೃತ್ತಿಯೂ ಉಂಟು. ಅದರಲ್ಲಿ ಸಿದ್ಧ ಕಟ್ಟುಗಳನ್ನು ಕೊಟ್ಟು ಆಡಿಸುತ್ತಾರೆ. ಮೊಬೈಲಿನ ಮುಂದೆ ಎಷ್ಟು ಹೊತ್ತು ಎಂಬುದನ್ನು ಹಿರಿಯರು ನಿರ್ಣಯಿಸಬೇಕು.

ನಕಲಿ ಎಲೆಗಳ ಬಗ್ಗೆ ಒಂದು ಮಾತು. ಚಿನ್ನದ ಬಣ್ಣ ಬಳಿದು ಅತಿ ಅಗ್ಗದ ದರದಲ್ಲಿ ಮಾರುವ ಪೋಕೆಮಾನ್ ಎಲೆಗಳು ಪೇಟೆಯಲ್ಲಿ ಹೇರಳ. ಹಿಂಬದಿಯ ನೀಲಿ ಬಣ್ಣ ಮಾಸಲಾಗಿರುವುದು, ಅಕ್ಷರಗಳ ದಪ್ಪ ಬೇರೆಯಾಗಿರುವುದು, ಕಾಗುಣಿತ ತಪ್ಪಿರುವುದು ಇವುಗಳ ಲಕ್ಷಣ. ಕಾಗುಣಿತದ ತಪ್ಪು ಹುಡುಕುವುದು ಮಕ್ಕಳಿಗೂ ಒಳ್ಳೆಯ ಅಭ್ಯಾಸವೇ. ಮನೆಯಲ್ಲಿ ಆಡಲು ಅವು ಸಾಕಾದೀತು. ಪಂದ್ಯಕ್ಕೆಂದು, ವಿನಿಮಯಕ್ಕೆಂದು ಕೊಂಡರೆ ಕೊಟ್ಟ ಹಣ ನೀರಿಗೆ. ಗೊತ್ತಿದ್ದೂ ಅಂಥದನ್ನು ಗೆಳೆಯನಿಗೆ ದಾಟಿಸುವುದು ಮೋಸವೆಂದು ಮಕ್ಕಳಿಗೆ ಹೇಳಿಕೊಡಬೇಕು.

ಕೊಂಡ ಎಲೆಗಳನ್ನು ಒಂದೇ ಬಗೆಯ ಕವಚದಲ್ಲಿಟ್ಟು, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಹಾಕಿಡಿರಿ. ಜೂನಿನಿಂದ ಸೆಪ್ಟೆಂಬರಿನ ತನಕ ಕಾಗದಕ್ಕೆ ನಮ್ಮ ಕರಾವಳಿಯಷ್ಟು ದೊಡ್ಡ ಶತ್ರುವಿಲ್ಲ.

ಹೆತ್ತವರಲ್ಲಿ ಒಂದು ವಿನಂತಿ

ಈ ಆಟವನ್ನು ಜೂಜೆಂದು ಹೊರಗಟ್ಟುವುದೂ ಬೇಡ, ಕೇಳಿದ್ದನ್ನೆಲ್ಲ ಕೊಡಿಸುವುದೂ ಬೇಡ. ಹಾಸಿಗೆಯಿದ್ದಷ್ಟು ಕಾಲು ಚಾಚುವ ಪಾಠಕ್ಕೆ ಇದು ಒಳ್ಳೆಯ ಪಠ್ಯ. ವರ್ಷಕ್ಕೆ ಇಷ್ಟು ಎಂದು ಒಂದು ಮೊತ್ತವನ್ನು ಗೊತ್ತುಮಾಡಿ, ಅದರ ಜಮಾಖರ್ಚನ್ನು ಮಗುವೇ ಬರೆಯಲಿ. ಮುಚ್ಚಿದ ಪ್ಯಾಕೆಟಿಗೆ ಹೋದದ್ದೆಷ್ಟು, ಬಿಡಿ ಎಲೆಗೆ ಹೋದದ್ದೆಷ್ಟು ಎಂದು ಎರಡು ಕಲಮುಗಳಿರಲಿ. ವರ್ಷದ ಕೊನೆಗೆ ಯಾವ ಕಲಮಿನ ಎಲೆಗಳು ಕಟ್ಟಿನಲ್ಲಿ ಉಳಿದಿವೆಯೆಂದು ಅದೇ ನೋಡಿಕೊಳ್ಳಲಿ. ನಾವು ಹೇಳುವ ಹತ್ತು ಬುದ್ಧಿಮಾತಿಗಿಂತ ಅದು ಚೆನ್ನಾಗಿ ಕಲಿಸುತ್ತದೆ.

ಇನ್ನೂ ಒಂದು ದಾರಿಯುಂಟು. ನಾಲ್ಕು ಮನೆಯವರು ಕೂಡಿ, ಪರಸ್ಪರ ತೂಗುವಂಥ ನಾಲ್ಕು ಕಟ್ಟುಗಳನ್ನು ಮಾಡಿ, ಊರಿನ ವಾಚನಾಲಯದ ಕಪಾಟಿನಲ್ಲಿ ಒಂದು ಡಬ್ಬಿಯಲ್ಲಿ ಇಡಬಹುದು. ಆದಿತ್ಯವಾರ ಮಧ್ಯಾಹ್ನ ಮಕ್ಕಳು ಚೀಟಿ ಎತ್ತಿ ಕಟ್ಟು ಹಂಚಿಕೊಳ್ಳಲಿ. ಮುಂದಿನ ವಾರ ಕಟ್ಟುಗಳು ಕೈ ಬದಲಾಗಲಿ. ಚದುರಂಗದಲ್ಲಿ ಇಬ್ಬರಿಗೂ ಹದಿನಾರು ಕಾಯಿ ಇದ್ದಂತೆ ಇಲ್ಲಿಯೂ ಯಾರ ಮನೆಯ ಕಿಸೆಯೂ ಮೇಜಿನ ಮೇಲೆ ಬರಲಿಕ್ಕಿಲ್ಲ. ಖರ್ಚು ನಾಲ್ಕು ಪಾಲಾಗುತ್ತದೆ, ಎಲೆ ಕೊಳ್ಳಲಾಗದ ಐದನೆಯ ಮನೆಯ ಮಗುವಿಗೂ ಆಡಲು ಒಂದು ಜಾಗ ಸಿಗುತ್ತದೆ.